ಫೋನಿನಲ್ಲಿ ಹಸು ಕೊಳ್ಳುವ ಮುನ್ನ

ಸಹೋದರಿಯರೇ, ಫೇಸ್‌ಬುಕ್‌ನಲ್ಲಿ ದಿನಕ್ಕೆ 20 ಲೀಟರ್ ಕರೆಯುವ ಎಚ್‌ಎಫ್ ಹಸುವಿನ ವಿಡಿಯೊ, ಬೆಲೆ ನೋಡಿದರೆ ಸಂತೆ ದರದ ಅರ್ಧ. ಆಸೆಯಾಗುವುದು ಸಹಜ. ಆದರೆ ಆ ವಿಡಿಯೊ ಬೇರೆ ಯಾರದೋ ಕೊಟ್ಟಿಗೆಯದ್ದಾಗಿರಬಹುದು. ಮೋಸಗಾರರು ಮೊದಲು ಮುಂಗಡ ಕೇಳುತ್ತಾರೆ, ಆಮೇಲೆ ಗಾಡಿ ಬಾಡಿಗೆ, ಆಮೇಲೆ ದಾರಿಯಲ್ಲಿ ಗಾಡಿ ತಡೆದಿದ್ದಾರೆಂದು ಇನ್ನಷ್ಟು. ಹಸು ಮಾತ್ರ ಬರುವುದಿಲ್ಲ. ಸಂತೆಯಲ್ಲಿ ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಕರೆದು ನೋಡಿ ಕೊಳ್ಳುವವರು ನೀವು. ಫೋನಿನಲ್ಲಿ ಕಂಡ ಹಸುವಿಗೂ ಹಾಗೇ ಮಾಡಿ. ಹೋಗಿ ನೋಡದೆ ಒಂದು ರೂಪಾಯಿಯೂ ಕಳಿಸಬೇಡಿ. ಹಾಲು ಕರೆಯುವ ಯಂತ್ರಕ್ಕೂ ಇದೇ ಮಾತು.

“ಮುಂಗಡ ವಾಪಸ್ ಹಾಕುತ್ತೇವೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿ” ಎಂದರೆ ಒತ್ತಲೇಬೇಡಿ. ಯುಪಿಐ ಪಿನ್ ಬೇಕಾಗುವುದು ಹಣ ಕಳಿಸಲು. ಬರುವ ಹಣಕ್ಕೆ ಪಿನ್ ಬೇಡ. ಹಾಲಿನ ಬಟವಾಡೆ ಖಾತೆಗೆ ಬೀಳುವಾಗ ನೀವು ಎಂದಾದರೂ ಪಿನ್ ಒತ್ತಿದ್ದೀರಾ?

ಹಣ ಹೋಗಿಬಿಟ್ಟರೆ, ಮನೆಯವರು ಬೈಯುತ್ತಾರೆಂದು ಮುಚ್ಚಿಡಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ಮುಂದಕ್ಕೆ ಹೋಗದಂತೆ ತಡೆಹಿಡಿಯುವ ಅವಕಾಶ ಹೆಚ್ಚು. ಹಣ ಕಡಿತವಾದ ಮೆಸೇಜ್ ಅಳಿಸಬೇಡಿ, ದೂರಿಗೆ ಅದರಲ್ಲಿರುವ ಸಂಖ್ಯೆ ಬೇಕಾಗುತ್ತದೆ.