ಕಣ್ಣಿನ ನಿತ್ಯನಿವಾಸಿಗಳು

ಪುಣೆಯ ಸಮೀಪದ ಪಿಂಪರಿಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ 1954ರಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯು ಸ್ವತಂತ್ರ ಭಾರತಕ್ಕೆ ಸ್ವದೇಶದಲ್ಲೇ ತಯಾರಾದ ಪೆನಿಸಿಲಿನ್ನನ್ನು ಒದಗಿಸಿತು. ಅಂದು ಅಷ್ಟು ಭರವಸೆ ಹುಟ್ಟಿಸಿದ್ದ ಪೆನಿಸಿಲಿನ್ನಿಗೆ, ಇಂದು ಆರೋಗ್ಯವಂತರ ಕಣ್ಣಿನಲ್ಲಿ ವಾಸವಾಗಿರುವ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಎಂಬ ಬ್ಯಾಕ್ಟೀರಿಯವು ಬಹುಮಟ್ಟಿಗೆ ಜಗ್ಗುವುದಿಲ್ಲ. ಆ ಔಷಧವನ್ನು ನಿಷ್ಫಲಗೊಳಿಸುವ ಕಿಣ್ವವನ್ನು ಅದು ಎಂದೋ ಸಂಪಾದಿಸಿಕೊಂಡಿದೆ.

ರೋಗವಿಲ್ಲದ ಕಣ್ಣಿನಲ್ಲಿಯೂ ಬ್ಯಾಕ್ಟೀರಿಯಗಳುಂಟೆಂದರೆ ಅಚ್ಚರಿಪಡಬೇಕಾಗಿಲ್ಲ. ಕಣ್ಣಿನ ಬಿಳುಪನ್ನೂ ರೆಪ್ಪೆಗಳ ಒಳಮೈಯನ್ನೂ ಹೊದಿಸಿರುವ ತೆಳುವಾದ ಪಟಲದ ಮೇಲೆ ಈ ಎಪಿಡರ್ಮಿಡಿಸ್, ಕೊರಿನಿಬ್ಯಾಕ್ಟೀರಿಯಂ ಮೊದಲಾದವು ವಿರಳವಾಗಿ ನೆಲೆಸಿ, ಪರಕೀಯ ರೋಗಾಣುಗಳಿಗೆ ಎಡೆಗೊಡದೆ ಉಪಕಾರವನ್ನೇ ಮಾಡುತ್ತವೆ. ಅವುಗಳ ಸಂಖ್ಯೆಯನ್ನು ಮಿತಿಯಲ್ಲಿಡುವುದು ರೆಪ್ಪೆಬಡಿತ ಮತ್ತು ಕಣ್ಣೀರು. ಕಣ್ಣೀರಿನಲ್ಲಿರುವ ಲೈಸೊಜೈಮ್ ಎಂಬ ಬ್ಯಾಕ್ಟೀರಿಯನಾಶಕ ಕಿಣ್ವವನ್ನು 1922ರಲ್ಲಿ ಪ್ರಕಟಿಸಿದವನು, ಮುಂದೆ 1928ರಲ್ಲಿ ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗನೇ; ನಿಂಬೆಯ ಸಿಪ್ಪೆಯನ್ನು ಹಿಂಡಿ ಅವನು ತನ್ನ ಪ್ರಯೋಗಗಳಿಗೆ ಕಣ್ಣೀರನ್ನು ಸಂಗ್ರಹಿಸುತ್ತಿದ್ದನು.

ಈ ನಿವಾಸಿಗಳು ಯಾವ ಔಷಧಕ್ಕೆ ಮಣಿಯುತ್ತವೆಂದು ತಿಳಿಯಲು ಕೆಳರೆಪ್ಪೆಯನ್ನು ಮೆಲ್ಲನೆ ಕೆಳಕ್ಕೆಳೆದು, ಕೂದಲುಗಳಿಗೆ ತಾಗದಂತೆ, ಹತ್ತಿ ಸುತ್ತಿದ ಶುದ್ಧವಾದ ಕಡ್ಡಿಯನ್ನು ಒಳಮಡಿಕೆಯಲ್ಲಿ ಹೊರಳಿಸಿ, ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಗೀರುತ್ತಾರೆ. ಹಾಗೆ ಬೆಳೆದುದನ್ನು ಮತ್ತೊಂದು ತಟ್ಟೆಯ ಮೇಲೆಲ್ಲ ಹರಡಿ, ಬೇರೆಬೇರೆ ಔಷಧಗಳನ್ನು ಹೀರಿಕೊಂಡ ಪುಟ್ಟ ಕಾಗದದ ಬಿಲ್ಲೆಗಳನ್ನಿಟ್ಟರೆ, ಮರುದಿನ ಬೆಳವಣಿಗೆಯ ಮಬ್ಬಿನ ನಡುವೆ ಕೆಲವು ಬಿಲ್ಲೆಗಳ ಸುತ್ತ ತಿಳಿಯಾದ ವೃತ್ತಗಳು ಮೂಡಿರುತ್ತವೆ. ವೃತ್ತ ದೊಡ್ಡದಾದ ಮಾತ್ರಕ್ಕೆ ಔಷಧ ಶ್ರೇಷ್ಠವೆಂದು ತಿಳಿಯಬಾರದು. ಒಂದೊಂದಕ್ಕೂ ಅದರದೇ ಅಳತೆಯಿದೆ. ಆ ಅಳತೆಗಳಾದರೂ ಬಹುತೇಕ ರಕ್ತದಲ್ಲಿ ಔಷಧವು ತಲಪುವ ಪ್ರಮಾಣವನ್ನು ಆಧರಿಸಿದವುಗಳಾದುದರಿಂದ, ಹನಿಯಾಗಿ ಬಿದ್ದು ಕಣ್ಣಿನ ಮೇಲೆ ಸಾಂದ್ರವಾಗಿ ನಿಲ್ಲುವ ಔಷಧದ ವಿಷಯದಲ್ಲಿ ವೈದ್ಯನು ವರದಿಯನ್ನು ವಿವೇಚಿಸಿಯೇ ಓದಬೇಕಾಗುತ್ತದೆ.

ಪೊರೆಯ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಈ ನಿರುಪದ್ರವಿಗಳೇ ಸೀಳಿನ ಮೂಲಕ ಒಳಹೊಕ್ಕರೆ ದೃಷ್ಟಿಯೇ ನಷ್ಟವಾಗಬಹುದು. ಅಂಥ ಸೋಂಕಿಗೀಡಾದ 17 ಮಂದಿಯನ್ನು ಪರೀಕ್ಷಿಸಿ 1991ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 14 ಮಂದಿಯ ಕಣ್ಣೊಳಗಿನ ರೋಗಾಣುವಿಗೂ ಅವರದೇ ಕಣ್ಣಿನ ಹೊರಭಾಗದ ನಿವಾಸಿಗಳಿಗೂ ಭೇದವೇ ಕಾಣಲಿಲ್ಲ. ಇದಕ್ಕಾಗಿಯೇ ಶಸ್ತ್ರವೈದ್ಯರು ಮೊದಲು ಪೊವಿಡೋನ್ ಅಯೋಡಿನ್ನಿನ ಶೇಕಡ 5ರ ದ್ರಾವಣವನ್ನು ಕಣ್ಣಿಗೆ ಹಾಕುತ್ತಾರೆ.

ಅಂಥ ಸೋಂಕು ತಗಲಿದ ದಿನ ಕೈಹಿಡಿಯಬೇಕಾದ ಔಷಧಗಳನ್ನೇ ನಾವು ಸಣ್ಣಪುಟ್ಟ ಕೆಂಪಿಗೆಲ್ಲ ವ್ಯಯಮಾಡುತ್ತಿದ್ದೇವೆಂಬುದು ನನ್ನನ್ನು ಕಳವಳಗೊಳಿಸುತ್ತದೆ. ಸಿಪ್ರೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್‌ಗಳಂಥ ಹನಿಗಳನ್ನು ಮತ್ತೆಮತ್ತೆ ಹಾಕಿದ ಕಣ್ಣಿನಲ್ಲಿ ಮಣಿಯುವ ಬ್ಯಾಕ್ಟೀರಿಯಗಳು ಅಳಿದು, ಮಣಿಯದವು ಉಳಿದು ವೃದ್ಧಿಹೊಂದುತ್ತವೆ. 2023ರ ಮಳೆಗಾಲದಲ್ಲಿ ಪುಣೆಯ ಬಳಿಯ ಆಳಂದಿಯಲ್ಲಿ ಸಾವಿರಾರು ಜನರಿಗೆ ಕಣ್ಣು ಬಂದಿತು. ಇಂಥ ಸಾಮೂಹಿಕ ಹಾವಳಿಗೆ ಬಹುತೇಕ ಕಾರಣವಾಗುವ ಅಡಿನೊವೈರಸ್, ಎಂಟೆರೊವೈರಸ್‌ಗಳ ಮೇಲೆ ಪ್ರತಿಜೈವಿಕಗಳ ಪ್ರಭಾವ ಲೇಶವೂ ಇಲ್ಲ. ಕೈ ತೊಳೆಯುವುದು, ಟವೆಲನ್ನು ಬೇರೆಯಾಗಿಡುವುದು, ತಣ್ಣೀರಿನ ಬಟ್ಟೆ, ಒಂದೆರಡು ವಾರಗಳ ತಾಳ್ಮೆ, ಇಷ್ಟರಿಂದ ಹೆಚ್ಚಿನವರಿಗೆ ಗುಣವಾಗುತ್ತದೆ. ಆದರೆ ದೃಷ್ಟಿ ಮಂದವಾದರೆ, ನೋವು ತೀವ್ರವಾದರೆ, ಬೆಳಕನ್ನು ಸಹಿಸಲಾರದೆ ಹೋದರೆ, ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರಾಗಿದ್ದರಂತೂ ಕೆಂಪು ಕಂಡ ದಿನವೇ, ಲೆನ್ಸನ್ನು ತೆಗೆದಿಟ್ಟು ನೇತ್ರವೈದ್ಯರಲ್ಲಿಗೆ ಹೋಗತಕ್ಕದ್ದು.