ತಟ್ಟೆಯ ಹಾಡಿಗೆ ಹೊಸ ಮುಳ್ಳು

ರೆಕಾರ್ಡ್ ಪ್ಲೇಯರಿನ ತೋಳಿನ ತುದಿಗೆ ಎರಡು ಸ್ಕ್ರೂ ಹಾಕಿ ಬಿಗಿದಿರುವ ಪುಟ್ಟ ಡಬ್ಬಿಯೇ ಕಾರ್ಟ್ರಿಜ್. ಐದಾರು ಗ್ರಾಂ ತೂಗುವ ಈ ಡಬ್ಬಿಯ ಅಡಿಯಲ್ಲಿ ಸೂಜಿಯಷ್ಟು ತೆಳ್ಳನೆಯ ಒಂದು ಕಡ್ಡಿ, ಅದರ ತುದಿಯಲ್ಲಿ ವಜ್ರದ ಒಂದು ಚೂರು. ತಟ್ಟೆಯ ಗೀರಿನಲ್ಲಿ ಓಡುವ ಮುಳ್ಳು ಎಂದರೆ ಅದೇ. ಎಲ್‌ಪಿ ತಟ್ಟೆಯ ಮೇಲೆ ನೂರಾರು ಗೀರುಗಳಿದ್ದಂತೆ ಕಂಡರೂ ಒಂದು ಮಗ್ಗುಲಲ್ಲಿರುವುದು ಸುರುಳಿ ಸುತ್ತಿದ ಒಂದೇ ಗೀರು. ಇಪ್ಪತ್ತು ನಿಮಿಷ ಹಾಡುವ ಮಗ್ಗುಲಿನ ಗೀರನ್ನು ಬಿಡಿಸಿ ನೇರ ಚಾಚಿದರೆ ಸುಮಾರು 430 ಮೀಟರ್ ಉದ್ದವಾದೀತು. ಸ್ಟೀರಿಯೋ ತಟ್ಟೆಯಲ್ಲಿ ಗೀರಿನ ಒಳಗೋಡೆ ಎಡ ಸ್ಪೀಕರಿನದು, ಹೊರಗೋಡೆ ಬಲ ಸ್ಪೀಕರಿನದು. ಗೋಡೆಗಳ ಅಂಕುಡೊಂಕಿಗೆ ಮುಳ್ಳು ಅದುರುತ್ತದೆ. ಆ ಅದುರನ್ನು ವಿದ್ಯುತ್ತಾಗಿ ಬದಲಿಸುವುದು ಕಾರ್ಟ್ರಿಜ್‌ನ ಕೆಲಸ. ಹಳೆಯ ತಟ್ಟೆಗಳಿಗೆ ಮರಳುವವರು ಪ್ಲೇಯರಿನ ಮರದ ಮೈಗೂ ಸ್ಪೀಕರಿನ ಗಾತ್ರಕ್ಕೂ ಧಾರಾಳವಾಗಿ ಖರ್ಚು ಮಾಡಿ, ಸ್ವರ ಮೊದಲು ಹುಟ್ಟುವ ಈ ತುದಿಯನ್ನು ಮರೆಯುವುದೇ ಹೆಚ್ಚು.

ಭಾರತದಲ್ಲಿ ತಟ್ಟೆಯ ಚರಿತ್ರೆ 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ ಧ್ವನಿಮುದ್ರಣಗಳಿಂದ ಎದ್ದು ಕಾಣುತ್ತದೆ. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಗೌಹರ್, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅದೇ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು ‘ಹುಬ್ಬಳ್ಳಿಯ ಗಾಂಧಾರಿ’ ಎಂಬ ಹೆಸರಿನಲ್ಲಿ ಹೊರಬಂದವು. ಅವೆಲ್ಲ ನಿಮಿಷಕ್ಕೆ 78 ಸುತ್ತು ತಿರುಗುವ, ಅರಗು ಬೆರೆಸಿ ಅಚ್ಚು ಹಾಕಿದ, ಕೈತಪ್ಪಿದರೆ ಒಡೆಯುವ ತಟ್ಟೆಗಳು. ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಹಾಡು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ 33⅓ ಸುತ್ತಿನ ವಿನೈಲ್ ಎಲ್‌ಪಿಯನ್ನು ತಂದಿತು, ಮರುವರ್ಷ ಆರ್‌ಸಿಎ 45 ಸುತ್ತಿನ ಸಣ್ಣ ತಟ್ಟೆಯನ್ನು ತಂದಿತು.

ಇತ್ತ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಲ್ಲಿ ಸ್ವಂತ ಪ್ಲೇಯರ್ ಇದ್ದ ಮನೆಗಳು ಬೆರಳೆಣಿಕೆಯವು. ಜನಸಾಮಾನ್ಯರ ಕಿವಿಗೆ ತಟ್ಟೆಯ ಹಾಡನ್ನು ಮುಟ್ಟಿಸಿದ್ದು ಬಾಡಿಗೆಯ ಮೈಕ್‌ಸೆಟ್. ಮದುವೆ, ಗೃಹಪ್ರವೇಶ, ಜಾತ್ರೆ, ದೈವದ ಕೋಲ, ಶಾಲಾ ವಾರ್ಷಿಕೋತ್ಸವ ಯಾವುದೇ ಇರಲಿ, ಹಿಂದಿನ ದಿನವೇ ಮೈಕ್‌ಸೆಟ್ ಬರುತ್ತಿತ್ತು. ಆಹುಜಾ ಆಂಪ್ಲಿಫೈಯರ್, ತೆಂಗಿನ ಮರದ ಎತ್ತರಕ್ಕೆ ಕಟ್ಟಿದ ಕೊಂಬಿನ ಸ್ಪೀಕರು, ತಗಡಿನ ಪೆಟ್ಟಿಗೆಯಲ್ಲಿ ಒತ್ತಾಗಿ ನಿಲ್ಲಿಸಿದ ತಟ್ಟೆಗಳು. ಬೆಳಗಿನ ಹೊತ್ತು ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ, 1963ರಲ್ಲಿ ಬಂದ ಎಲ್‌ಪಿ. ಹೊತ್ತೇರಿದ ಮೇಲೆ ಸಿನಿಮಾ ಹಾಡು. 1971ರಲ್ಲಿ ‘ಎನ್ನ ತಂಗಡಿ’ಯೊಂದಿಗೆ ತುಳು ಚಿತ್ರಗಳು ಶುರುವಾದ ಮೇಲೆ ತುಳು ಹಾಡುಗಳೂ ಆ ಸಾಲಿಗೆ ಸೇರಿಕೊಂಡವು. ಎರಡು ಗುಡ್ಡದಾಚೆಯ ಮನೆಗೂ ಯಾರ ಮನೆಯ ಮದುವೆಯೆಂದು ಕೇಳಿಯೇ ತಿಳಿಯುತ್ತಿತ್ತು. ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟಕ್ಕೂ ತಾಳಮದ್ದಳೆಗೂ ಮಾತ್ರ ತಟ್ಟೆಯ ಅಳತೆ ಒಗ್ಗುವಂಥದ್ದಾಗಿರಲಿಲ್ಲ. ಅವು ಮನೆಮನೆಗೆ ಬಂದದ್ದು ಕ್ಯಾಸೆಟ್ಟಿನ ಕಾಲದಲ್ಲಿ.

ಆ ಕಾಲದ ಸಾಮಾನ್ಯ ಪ್ಲೇಯರುಗಳಲ್ಲಿ ಇರುತ್ತಿದ್ದುದು ಕ್ರಿಸ್ಟಲ್ ಅಥವಾ ಸೆರಾಮಿಕ್ ಕಾರ್ಟ್ರಿಜ್. ಕ್ರಿಸ್ಟಲ್ ಎಂದರೆ ರೋಷೆಲ್ ಉಪ್ಪಿನ ಹರಳು. ಮುಳ್ಳಿನ ಅದುರಿಗೆ ಹರಳು ತಿರುಚಿದಾಗ ಸುಮಾರು ಅರ್ಧ ವೋಲ್ಟಿನಿಂದ ಒಂದು ವೋಲ್ಟಿನವರೆಗೆ ವಿದ್ಯುತ್ತು ಹುಟ್ಟುತ್ತದೆ. ಅಷ್ಟಿದ್ದರೆ ಆಂಪ್ಲಿಫೈಯರಿಗೆ ನೇರ ಕೊಡಬಹುದು. ಅಗ್ಗ, ಗಟ್ಟಿ ಸ್ವರ, ರಿಪೇರಿಯೂ ಸುಲಭ. ಆದರೆ ಈ ಹರಳು ಎಷ್ಟೆಂದರೂ ಉಪ್ಪು. ತೇವ ಹೀರಿದರೆ ಕರಗುತ್ತದೆ, 55 ಡಿಗ್ರಿ ಬಿಸಿಗೆ ಹಾಳಾಗುತ್ತದೆ. ವರ್ಷಕ್ಕೆ ಹೆಚ್ಚುಕಡಿಮೆ 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಗೆ ಇದಕ್ಕಿಂತ ಒಗ್ಗದ ವಸ್ತುವನ್ನು ಹುಡುಕುವುದು ಕಷ್ಟ. ಮಳೆಗಾಲದ ಹೊಸ್ತಿಲಿನ ಪತ್ತನಾಜೆಗೆ ಕೋಲ, ಆಟಗಳೆಲ್ಲ ನಿಂತರೆ ಮೈಕ್‌ಸೆಟ್ಟಿಗೆ ಕೆಲಸವಿಲ್ಲ. ಆಟಿ, ಸೋಣವೆಂಬ ಮಳೆ ತಿಂಗಳುಗಳ ತೇವದಲ್ಲಿ ಸುಮ್ಮನೆ ಕುಳಿತ ಹರಳು ಮುಂದಿನ ಜಾತ್ರೆಯ ಹೊತ್ತಿಗೆ ಸೊರಗಿರುತ್ತದೆ. ಈಗ ಅಟ್ಟದಿಂದ ಇಳಿಸಿದ ಹಳೆಯ ಪೆಟ್ಟಿಗೆಯಲ್ಲಿ ಮೋಟಾರು ತಿರುಗಿ, ತಟ್ಟೆ ತಿರುಗಿ, ಸ್ವರ ಮಾತ್ರ ಪಿಸುಗುಟ್ಟಿದಂತೆ ಬಂದರೆ ಹತ್ತರಲ್ಲಿ ಒಂಬತ್ತು ಪಾಲು ತಪ್ಪು ಈ ಹರಳಿನದೇ. ಆಂಪ್ಲಿಫೈಯರ್ ಬಿಚ್ಚುವ ಮೊದಲು ಅದನ್ನು ನೋಡಬೇಕು.

ಎಪ್ಪತ್ತರ ದಶಕದ ಕೊನೆಗೆ ಕೊಲ್ಲಿಗೆ ಹೋದವರು ರಜೆಯಲ್ಲಿ ಬರುವಾಗ ರೇಡಿಯೋ, ಕ್ಯಾಸೆಟ್ ಎರಡೂ ಇರುವ ಟೂ-ಇನ್-ಒನ್ ತಂದರು. ಹಾಡನ್ನು ಮನೆಯಲ್ಲೇ ತುಂಬಿಸಿಕೊಳ್ಳಬಹುದು, ಮುಳ್ಳಿನ ರಗಳೆಯಿಲ್ಲ, ಕರೆಂಟು ಹೋದರೆ ಬ್ಯಾಟರಿ. ತಟ್ಟೆ ಸೋತಿತು, ಮೈಕ್‌ಸೆಟ್‌ನವರೂ ಕ್ಯಾಸೆಟ್ಟಿಗೆ ತಿರುಗಿದರು. ತಟ್ಟೆಗಳು ಅಟ್ಟಕ್ಕೂ ಗುಜರಿಗೂ ಹೋದವು. ಈಗ ಗಾಳಿ ಮತ್ತೆ ತಿರುಗಿದೆ. 2022ರಲ್ಲಿ ಅಮೆರಿಕದಲ್ಲಿ 3.3 ಕೋಟಿ ಸಿಡಿಗಳ ಎದುರು 4.1 ಕೋಟಿ ವಿನೈಲ್ ತಟ್ಟೆಗಳು ಮಾರಾಟವಾದವು. 1987ರ ನಂತರ ಹೀಗಾದದ್ದು ಅದೇ ಮೊದಲು. ಕರಾವಳಿಯಲ್ಲಿ ಈ ಮರಳುವಿಕೆ ಸಣ್ಣ ಪ್ರಮಾಣದ್ದು, ಅದರಲ್ಲೂ ಹೊಸ ತಟ್ಟೆಗಿಂತ ಅಜ್ಜನ ಕಾಲದ ತಟ್ಟೆಯ ಮೋಹವೇ ಜಾಸ್ತಿ.

ಹೊಸ ಪ್ಲೇಯರ್ ಕೊಳ್ಳುವವರಿಗೆ ಸೂಟ್‌ಕೇಸಿನ ಆಕಾರದ ಅಗ್ಗದ ಯಂತ್ರ ಮೊದಲು ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಇರುವುದು ಹಳೆಯ ಸೆರಾಮಿಕ್ ಜಾತಿಯೇ. ಮುಳ್ಳು ಐದು ಗ್ರಾಂ ಆಸುಪಾಸಿನ ಭಾರ ಹಾಕಿ ಒತ್ತುತ್ತದೆ. ಒಳ್ಳೆಯ ಟರ್ನ್‌ಟೇಬಲಿನಲ್ಲಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಎರಡು ಗ್ರಾಂ ಸಾಕು. ಎರಡು ಗ್ರಾಂ ಎಂದರೆ ಹಗುರ ಎನ್ನುವಂತಿಲ್ಲ. ವಜ್ರದ ಮೊನೆ ಗೋಡೆಗೆ ತಾಗುವ ಜಾಗ ಕಣ್ಣಿಗೆ ಕಾಣದಷ್ಟು ಕಿರಿದು, ಹಾಗಾಗಿ ಅಲ್ಲಿನ ಒತ್ತಡ ಚದರ ಸೆಂಟಿಮೀಟರಿಗೆ ಟನ್ನುಗಳ ಲೆಕ್ಕದಲ್ಲಿರುತ್ತದೆ. ಐದು ಗ್ರಾಮಿನ ಮುಳ್ಳು ಅಪರೂಪದ ತಟ್ಟೆಯನ್ನು ಏನು ಮಾಡೀತೆಂದು ಊಹಿಸಬಹುದು.

ಮೂವಿಂಗ್ ಮ್ಯಾಗ್ನೆಟ್‌ನಲ್ಲಿ ಮುಳ್ಳಿನ ಕಡ್ಡಿಯ ಇನ್ನೊಂದು ತುದಿಗೆ ಚಿಕ್ಕ ಅಯಸ್ಕಾಂತ ಇರುತ್ತದೆ. ಅದು ತಂತಿಯ ಸುರುಳಿಗಳ ನಡುವೆ ಅಲುಗಿದಾಗ ಮೂರರಿಂದ ಐದು ಮಿಲಿವೋಲ್ಟ್ ಹುಟ್ಟುತ್ತದೆ. ಮೂವಿಂಗ್ ಕಾಯಿಲ್ ಎಂಬ ಇನ್ನೊಂದು ಜಾತಿಯಲ್ಲಿ ಅಲುಗುವುದು ಸುರುಳಿ, ಅಯಸ್ಕಾಂತ ನಿಂತಿರುತ್ತದೆ. ಜಪಾನಿನ ಆಕಾಶವಾಣಿಗಾಗಿ 1960ರ ದಶಕದಲ್ಲಿ ಮಾಡಿದ ಡೆನಾನ್ ಡಿಎಲ್-103 ಈ ಜಾತಿಯದು, ಇವತ್ತಿಗೂ ತಯಾರಾಗುತ್ತಿದೆ. ಇದರ ಸ್ವರವನ್ನು ಹೊಗಳುವವರು ಬಹಳ. ಆದರೆ ಮುಳ್ಳು ಸವೆದರೆ ಮನೆಯಲ್ಲಿ ಬದಲಿಸಲು ಬಾರದು, ಇಡೀ ಕಾರ್ಟ್ರಿಜ್ ಕಳುಹಿಸಬೇಕು. ರಿಪೇರಿಯ ಅಂಗಡಿ ದೂರವಿರುವ ಊರಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಮೂವಿಂಗ್ ಮ್ಯಾಗ್ನೆಟ್‌ನ ದೊಡ್ಡ ಅನುಕೂಲವೇ ಮುಳ್ಳನ್ನು ಮಾತ್ರ ಎಳೆದು ತೆಗೆದು ಹೊಸದು ಸಿಕ್ಕಿಸಬಹುದೆಂಬುದು. ಆರ್ಟೋಫೋನ್ 2ಎಂ ರೆಡ್ ಹಾಕಿಕೊಂಡವರು ಅದೇ ಡಬ್ಬಿಗೆ ಬ್ಲೂ ಮುಳ್ಳು ಸಿಕ್ಕಿಸಿದರೆ ಒಂದು ಮೆಟ್ಟಿಲು ಮೇಲೇರಿದಂತೆ. ಆಡಿಯೋ-ಟೆಕ್ನಿಕಾದ ವಿಎಂ95 ಸರಣಿ ಇನ್ನೂ ಉಪಯುಕ್ತ: ಒಂದೇ ಡಬ್ಬಿಗೆ ಗುಂಡು ಮೊನೆ, ಅಂಡಾಕಾರದ ಮೊನೆ, ಮೈಕ್ರೋಲೈನ್, ಶಿಬಾಟ ಎಲ್ಲ ಕೂರುತ್ತವೆ, 78ರ ತಟ್ಟೆಗೆಂದೇ ದಪ್ಪ ಮೊನೆಯ ಮುಳ್ಳೂ ಇದೆ. ಅಜ್ಜನ ತಟ್ಟೆಗಳಿರುವ ಮನೆಗೆ ಇದು ಮುಖ್ಯ. ಎಲ್‌ಪಿ ಮೊನೆಯ ತ್ರಿಜ್ಯ ಸುಮಾರು 18 ಮೈಕ್ರಾನ್, 78ರದು 75ರ ಹತ್ತಿರ. ಎಲ್‌ಪಿ ಮುಳ್ಳನ್ನು 78ರ ಮೇಲೆ ಇಟ್ಟರೆ ಅದು ಅಗಲವಾದ ಗೀರಿನ ತಳಕ್ಕಿಳಿದು ಕೊಳೆಯನ್ನೇ ಗೀಚುತ್ತ ಹೋಗುತ್ತದೆ. ಕೇಳುವುದು ಹಾಡಿಗಿಂತ ಹೆಚ್ಚಾಗಿ ಕರಕರ.

ಕಾರ್ಟ್ರಿಜ್ ಬದಲಿಸುವ ಕೆಲಸ ಒಂದು ಮಧ್ಯಾಹ್ನದ್ದು. ಹೆಚ್ಚಿನವುಗಳ ಸ್ಕ್ರೂ ತೂತುಗಳ ನಡುವಿನ ಅಂತರ ಅರ್ಧ ಇಂಚೇ, ಹಾಗಾಗಿ ಕಂಪನಿ ಬೇರೆಯಾದರೂ ಕೂರುತ್ತದೆ. ಹಿಂಬದಿಯ ನಾಲ್ಕು ಪಿನ್ನುಗಳಿಗೆ ನಾಲ್ಕು ಬಣ್ಣದ ತಂತಿ: ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ತಂತಿಯನ್ನು ಹಿಡಿದೆಳೆದರೆ ಬೆಸುಗೆ ಬಿಟ್ಟು ಬರುತ್ತದೆ. ಅದರ ತುದಿಯ ಲೋಹದ ಕೊಳವೆಯನ್ನೇ ಚಿಮಟದಲ್ಲಿ ಹಿಡಿದು ನಿಧಾನಕ್ಕೆ ಜಾರಿಸಬೇಕು. ಕಬ್ಬಿಣದ ಸ್ಕ್ರೂಡ್ರೈವರನ್ನು ಹತ್ತಿರ ತಂದರೆ ಒಳಗಿನ ಅಯಸ್ಕಾಂತ ಸೆಳೆದು, ಮುಳ್ಳಿಗೆ ತಾಗಿ, ಕಡ್ಡಿ ಮುರಿದೇ ಹೋಗುತ್ತದೆ. ಮುಳ್ಳಿನ ಮುಚ್ಚಳ ಹಾಕಿಕೊಂಡೇ ಸ್ಕ್ರೂ ಬಿಗಿಯುವುದು ಕ್ಷೇಮ.

ನಂತರದ್ದು ನಿಜವಾದ ಕುಸುರಿ. ತೋಳು ಒಂದು ಕೀಲಿನ ಮೇಲೆ ಕಮಾನಿನಲ್ಲಿ ಸರಿಯುವುದರಿಂದ ಮುಳ್ಳು ಗೀರಿಗೆ ಎಲ್ಲ ಕಡೆ ಸರಿನೇರ ನಿಲ್ಲಲಾರದು. ಎರಡು ಜಾಗಗಳಲ್ಲಿ ಮಾತ್ರ ನಿಲ್ಲುತ್ತದೆ. ರೂಢಿಯ ಲೆಕ್ಕದಲ್ಲಿ ಅವು ತಟ್ಟೆಯ ನಡುವಿನಿಂದ 66 ಮತ್ತು 120.9 ಮಿಲಿಮೀಟರ್ ದೂರದಲ್ಲಿವೆ. ಈ ಎರಡು ಚುಕ್ಕಿಗಳನ್ನು ಅಚ್ಚು ಹಾಕಿದ ಕಾಗದವನ್ನು ತಟ್ಟೆಯ ಜಾಗದಲ್ಲಿಟ್ಟು, ಎರಡರಲ್ಲೂ ಕಾರ್ಟ್ರಿಜ್ ಗೆರೆಗೆ ಸಮಾನಾಂತರವಾಗುವ ತನಕ ಹಿಂದೆ ಮುಂದೆ ಸರಿಸಬೇಕು. ಆಮೇಲೆ ತೋಳು ಗಾಳಿಯಲ್ಲಿ ಸಮನಾಗಿ ತೇಲುವಂತೆ ಹಿಂಬದಿಯ ಭಾರವನ್ನು ತಿರುಗಿಸಿ, ಅಲ್ಲಿಂದ ಕಂಪನಿ ಹೇಳಿದಷ್ಟು ಗ್ರಾಂ ಸೇರಿಸಬೇಕು. ಪಾಪ, ಕಡಿಮೆ ಭಾರ ಹಾಕಿದರೆ ತಟ್ಟೆ ಸವೆಯುವುದಿಲ್ಲ ಎಂದು ಹಲವರು ನಂಬುತ್ತಾರೆ. ಕಡಿಮೆಯಾದರೆ ಮುಳ್ಳು ಗೀರಿನಲ್ಲಿ ಕುಣಿದು ಗೋಡೆಗಳನ್ನು ಇನ್ನಷ್ಟು ಕೆಡಿಸುತ್ತದೆ. ಸರಿಯಾಗಿದೆಯೇ ಎಂದು ತಿಳಿಯಲು ಮಗ್ಗುಲಿನ ಕೊನೆಯ ಹಾಡನ್ನು ಕೇಳಬೇಕು. ಹೊರ ಅಂಚಿನಲ್ಲಿ ಸೆಕೆಂಡಿಗೆ 51 ಸೆಂಟಿಮೀಟರ್ ಓಡುವ ಗೀರು ಒಳ ಅಂಚಿಗೆ ಬಂದಾಗ 21ಕ್ಕೆ ಇಳಿದಿರುತ್ತದೆ. ಅಷ್ಟೇ ಹಾಡು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿರುತ್ತದೆ. ಅಲ್ಲಿ ‘ಸ’, ‘ಶ’ ಅಕ್ಷರಗಳು ಉಗುಳಿದಂತೆ ಕೇಳಿಸದಿದ್ದರೆ ಕೆಲಸ ಗೆದ್ದಿತು.

ಮೂವಿಂಗ್ ಮ್ಯಾಗ್ನೆಟ್‌ಗೆ ಫೋನೋ ಪ್ರೀ-ಆಂಪ್ ಬೇಕೇ ಬೇಕು. ತಟ್ಟೆ ಕೊರೆಯುವಾಗ ಮಂದ್ರವನ್ನು ಇಳಿಸಿ ತಾರವನ್ನು ಏರಿಸಿರುತ್ತಾರೆ; 1950ರ ದಶಕದಲ್ಲಿ ನಿಗದಿಯಾದ ಆರ್‌ಐಎಎ ಲೆಕ್ಕದಂತೆ ಅದನ್ನು ತಿರುವಿ ಹಾಕುವುದು ಈ ಪ್ರೀ-ಆಂಪ್. ಎಚ್‌ಎಂವಿ ಫಿಯೆಸ್ಟಾದಂಥ ಹಳೆಯ ಪೆಟ್ಟಿಗೆಯಲ್ಲಿ ಅದಿಲ್ಲ, ಅದರ ತೋಳೂ ಹಗುರ ಭಾರಕ್ಕೆ ಮಾಡಿದ್ದಲ್ಲ. ಅಂಥದ್ದಕ್ಕೆ ಸೆರಾಮಿಕ್ ಕಾರ್ಟ್ರಿಜ್, ಹೊಸ ಮುಳ್ಳು ಹಾಕಿ, ಸವೆದರೂ ಚಿಂತೆಯಿಲ್ಲದ ತಟ್ಟೆಗಳಿಗೆ ಮೀಸಲಿಡುವುದು ಜಾಣತನ.

ಮಳೆಗಾಲದ ಆರೈಕೆಯನ್ನು ಈ ನೆಲ ಮೊದಲೇ ಬಲ್ಲದು. ಮೂಡುಬಿದಿರೆಯ ಬಸದಿಯಲ್ಲಿ 12ನೇ ಶತಮಾನದ ಧವಳ ಗ್ರಂಥಗಳ ತಾಳೆಗರಿಗಳು ಇದೇ ತೇವದಲ್ಲಿ ಉಳಿದುಬಂದಿವೆ. ವಿನೈಲನ್ನು ತೇವ ಮುಟ್ಟುವುದಿಲ್ಲ. ಬೂಸ್ಟು ಹಿಡಿಯುವುದು ಕಾಗದದ ಹೊದಿಕೆಗೆ, ಅಲ್ಲಿಂದ ಗೀರಿಗೆ. ತಟ್ಟೆಗಳನ್ನು ಗೋಡೆಗೆ ತಾಗಿಸದೆ ನೆಟ್ಟಗೆ ನಿಲ್ಲಿಸಬೇಕು, ಒಳಹೊದಿಕೆ ಬದಲಿಸಬೇಕು. ವಿನೈಲನ್ನು ಬಟ್ಟಿ ಇಳಿಸಿದ ನೀರಿಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ತೊಳೆಯಬಹುದು. 78ರ ತಟ್ಟೆಗೆ ಮಾತ್ರ ಸ್ಪಿರಿಟ್ ಸೋಕಿಸಲೇಬಾರದು. ಬಡಗಿಗಳು ಪಾಲಿಶಿಗಾಗಿ ಸ್ಪಿರಿಟ್ಟಿನಲ್ಲಿ ಕರಗಿಸುವ ಅರಗೇ ಆ ತಟ್ಟೆಯಲ್ಲಿರುವುದು. ಒರೆಸಿದರೆ ಹಾಡೇ ಕರಗಿ ಬರುತ್ತದೆ. ಮುಳ್ಳನ್ನು ಹಿಂದಿನಿಂದ ಮುಂದಕ್ಕೆ ಮಾತ್ರ ಕುಂಚದಿಂದ ಗುಡಿಸಬೇಕು. ವಜ್ರವಾದರೂ 500ರಿಂದ 1,000 ಗಂಟೆಗೆ ಸವೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸಿಡಿಲು ಕಂಡೊಡನೆ ಪ್ಲಗ್ ಕೀಳುವ ಅಭ್ಯಾಸ ಬೆಳ್ತಂಗಡಿಯ ಮನೆಗಳಿಗೆ ಹೊಸದಲ್ಲ, ಅದು ಪ್ಲೇಯರಿಗೂ ಸಲ್ಲುತ್ತದೆ.

ಧರ್ಮಸ್ಥಳದಲ್ಲಿ ಹಳೆಯ ಕಾರುಗಳಿಗೆ ಸಂಗ್ರಹಾಲಯವಿದೆ, ಬಿ.ಸಿ. ರೋಡಿನಲ್ಲಿ ತುಳು ಬದುಕಿನ ವಸ್ತುಗಳಿಗೆ ಒಂದು ಮನೆಯಿದೆ. ಮೈಕ್‌ಸೆಟ್ಟಿನ ತಗಡಿನ ಪೆಟ್ಟಿಗೆಗಳನ್ನು ಇನ್ನೂ ಹಾಗೆ ಒಟ್ಟುಗೂಡಿಸಬೇಕಾಗಿದೆ. ಅವುಗಳಲ್ಲಿನ ತುಳು ಹಾಡಿನ ಸಣ್ಣ ತಟ್ಟೆಗಳಿಗೆ ಎರಡನೇ ಅಚ್ಚು ಸಿಗುವ ಸಂಭವ ಕಡಿಮೆ. ಅಟ್ಟದಲ್ಲಿ ಅಂಥ ಪೆಟ್ಟಿಗೆ ಇರುವವರು ಗುಜರಿಯವನನ್ನು ಕರೆಯುವ ಮೊದಲು, ಒಳ್ಳೆಯ ಮುಳ್ಳಿರುವ ಯಾರಾದರೊಬ್ಬರ ಮನೆಗೆ ಅವನ್ನು ಒಯ್ದು ಒಂದೊಂದು ಮಗ್ಗುಲನ್ನಾದರೂ ಕಂಪ್ಯೂಟರಿಗೆ ತುಂಬಿಸಿಡಿ.