ತಾಯಿ-ಮಗಳ ಎರಡು ದಿನದ ನಗರಯಾತ್ರೆ

ನಮ್ಮ ಕಡೆಯ ಗೃಹಿಣಿಯು ಊರು ಬಿಟ್ಟು ಹೊರಡುವ ಸಂದರ್ಭಗಳನ್ನು ಎಣಿಸಹೊರಟರೆ ಒಂದು ಕೈಯ ಬೆರಳುಗಳೇ ಸಾಕಾಗುವುವು. ಬಂಧುಗಳ ಮದುವೆ, ತವರಿನ ಹಬ್ಬ, ಮನೆದೇವರ ಜಾತ್ರೆ, ಆಸ್ಪತ್ರೆ, ಸಾವಿನ ಮನೆ - ಇವೇ ಆ ಐದು. ಇವುಗಳಲ್ಲಿ ಯಾವುದೊಂದೂ ಆಕೆಯ ಸಂತೋಷವೊಂದನ್ನೇ ಉದ್ದೇಶಿಸಿ ಏರ್ಪಟ್ಟದ್ದಲ್ಲ. ಮದುವೆಗೆ ಹೋದರೂ ಆಕೆ ಸೆರಗು ಸಿಕ್ಕಿಸಿ ಅಡಿಗೆಯ ಮನೆಗೆ ನಡೆಯುವವಳೇ ಹೊರತು ಚಪ್ಪರದ ಕೆಳಗೆ ಕುಳಿತು ಓಲಗ ಕೇಳುವವಳಲ್ಲ. ಸಂಸ್ಕೃತದಲ್ಲಿ ‘ಯಾತ್ರೆ’ ಎಂಬ ಶಬ್ದಕ್ಕೆ ಮೂಲವಾದುದು ‘ಯಾ’ ಎಂಬ ಧಾತು. ಹೋಗುವುದು ಎಂದಷ್ಟೇ ಅದರ ಅರ್ಥ. ಏತಕ್ಕೆ ಹೋಗಬೇಕೆಂದು ಆ ಧಾತುವು ಕೇಳುವುದಿಲ್ಲ. ಕೇಳುವವರು ಮನೆಯವರಾದ ನಾವು. ಕಾರಣವಿಲ್ಲದೆ, ಬರಿಯ ನೋಡುವ ಮತ್ತು ಜೊತೆಗಿರುವ ಸುಖಕ್ಕಾಗಿ, ತಾಯಿಯೂ ಮಗಳೂ ಎರಡು ದಿನ ನಗರಕ್ಕೆ ಹೋಗಿಬರಬಾರದೇಕೆ ಎಂಬುದೇ ಈ ಲೇಖನದ ವಿಷಯ.

ಐರೋಪ್ಯ ದೇಶಗಳಲ್ಲಿ ಇದು ಸರ್ವಸಾಧಾರಣವಾದ ಪದ್ಧತಿ. ವಾರದ ಕೊನೆಯ ಎರಡು ದಿನಗಳ ರಜೆಯಲ್ಲಿ ತಾಯಿ-ಮಗಳು ಇಬ್ಬರೇ ಹೊರಟು ಬೇರೊಂದು ನಗರವನ್ನು ಸುತ್ತಿ ಹಿಂದಿರುಗುತ್ತಾರೆ. ಉತ್ತರದ ನಾರ್ವೆ ದೇಶದಲ್ಲಿ ಬರ್ಗೆನ್ ಎಂಬ ಕಡಲತೀರದ ನಗರವಿದೆ. ಅಲ್ಲಿಗೆ ಬಂದವರು ಮಾಡುವುದಾದರೂ ಏನು? ಹಳೆಯ ವರ್ತಕರ ಮರದ ಮನೆಗಳ ಸಾಲನ್ನು ನೋಡುತ್ತಾರೆ; ಅದು ೧೯೭೯ರಲ್ಲಿ ವಿಶ್ವಪರಂಪರೆಯ ಸ್ಥಾನವೆಂದು ಮಾನ್ಯವಾಯಿತು. ಮೀನಿನ ಪೇಟೆಯಲ್ಲಿ ಅಡ್ಡಾಡುತ್ತಾರೆ. ೧೯೧೮ರಿಂದ ಓಡುತ್ತಿರುವ, ಹಗ್ಗದಿಂದ ಎಳೆಯುವ ಪುಟ್ಟ ರೈಲಿನಲ್ಲಿ ಊರ ಹಿಂದಣ ಬೆಟ್ಟವನ್ನೇರಿ, ಮೇಲಿನಿಂದ ನಗರವನ್ನು ನೋಡುತ್ತಾರೆ. ಹಳೆಯ ಕಟ್ಟಡ, ಪೇಟೆ, ಬೆಟ್ಟ - ಇಷ್ಟೆ. ಈ ಮೂರೂ ನಮಗೆ ನಾಲ್ಕು ಗಾವುದದೊಳಗೇ ಇರುವುವಲ್ಲವೆ? ಮೈಸೂರಿನಲ್ಲಿ ಅರಮನೆಯುಂಟು, ದೇವರಾಜ ಮಾರುಕಟ್ಟೆಯುಂಟು, ಚಾಮುಂಡಿಬೆಟ್ಟವುಂಟು. ಇಲ್ಲದಿರುವುದು ಹೋಗಿ ನೋಡುವ ಅಭ್ಯಾಸ ಮಾತ್ರ.

ದಾರಿಯ ವಿಚಾರ

ಕೃಷ್ಣರಾಜನಗರದಿಂದ ಮೈಸೂರಿಗೆ ಸುಮಾರು ೪೦ ಕಿಲೋಮೀಟರು, ಹುಣಸೂರಿನಿಂದ ೪೫, ಹೆಗ್ಗಡದೇವನಕೋಟೆಯಿಂದ ೫೦, ಪಿರಿಯಾಪಟ್ಟಣದಿಂದ ೭೦ರ ಒಳಗೆ. ಈ ನಾಲ್ಕು ಪಟ್ಟಣಗಳಲ್ಲಿ ರೈಲಿನ ಸೌಕರ್ಯವಿರುವುದು ಕೃಷ್ಣರಾಜನಗರಕ್ಕೆ ಮಾತ್ರ. ಮಿಕ್ಕವರಿಗೆ ಬಸ್ಸೇ ಗತಿ. ಆದರೆ ಬಸ್ಸಿನ ವಿಷಯದಲ್ಲಿ ಈಗ ಹೆಂಗಸರಿಗೆ ಹಿಂದೆಂದೂ ಇಲ್ಲದ ಅನುಕೂಲವೊದಗಿದೆ. ೨೦೨೩ನೆಯ ಇಸವಿ ಜೂನ್ ೧೧ರಂದು ಕರ್ಣಾಟಕ ಸರ್ಕಾರವು ‘ಶಕ್ತಿ’ ಯೋಜನೆಯನ್ನು ಆರಂಭಿಸಿತು. ಇದರಂತೆ ರಾಜ್ಯದ ನಿವಾಸಿಗಳಾದ ಸ್ತ್ರೀಯರು ಸರ್ಕಾರಿ ಸಾರಿಗೆಯ ಸಾದಾ ಬಸ್ಸುಗಳಲ್ಲಿಯೂ ವೇಗದೂತ ಬಸ್ಸುಗಳಲ್ಲಿಯೂ ರಾಜ್ಯದೊಳಗೆ ಹಣ ಕೊಡದೆ ಪ್ರಯಾಣ ಮಾಡಬಹುದು. ರಾಜಹಂಸ, ಐರಾವತ ಮೊದಲಾದ ಸುಖಾಸನದ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಕರ್ಣಾಟಕದ ವಿಳಾಸವುಳ್ಳ ಗುರುತಿನ ಚೀಟಿಯನ್ನು ತೋರಿಸಿದರೆ ಕಂಡಕ್ಟರು ಶೂನ್ಯ ದರದ ಟಿಕೆಟು ಕೊಡುವನು. ಮೈಸೂರು ನಗರದೊಳಗೆ ಓಡಾಡುವ ಸಾದಾ ಬಸ್ಸುಗಳಿಗೂ ಈ ಸೌಲಭ್ಯವುಂಟು.

ಹೀಗೆ ದಾರಿಯ ಖರ್ಚು ನೀಗಿತು. ಆದರೂ ತಾಯಿ ಹೊರಡುವುದಿಲ್ಲ. ಏಕೆಂದರೆ ಆಕೆಗೆ ಕೊರತೆಯಾಗಿದ್ದುದು ಬಸ್ಸಿನ ಹಣವೊಂದೇ ಅಲ್ಲ. ಎರಡು ದಿನಗಳ ಬಿಡುವು. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪಿನ ಬೇಸಾಯವಿರುವ ಮನೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮುಂಗಾರಿನಲ್ಲಿ ಸಸಿ ನೆಟ್ಟದ್ದು ಮೊದಲುಗೊಂಡು, ಸೊಪ್ಪು ಮುರಿಯುವುದು, ಕಡ್ಡಿಗೆ ಪೋಣಿಸುವುದು, ಬ್ಯಾರನ್ನಿಗೆ ಏರಿಸಿ ಹಗಲಿರುಳೂ ಉರಿ ಕಾಯುವುದು, ಹದ ನೋಡಿ ವಿಂಗಡಿಸುವುದು - ಇವುಗಳಲ್ಲಿ ಹೆಂಗಸರ ಕೈ ಬೀಳದ ಕೆಲಸವೇ ಅಪರೂಪ. ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಬತ್ತದ ನಾಟಿಯಿಂದ ಕಣದವರೆಗೂ ಇದೇ ಕಥೆ. ಆದುದರಿಂದ ನಮ್ಮ ಕಡೆಯವರಿಗೆ ಯೋಗ್ಯವಾದ ಕಾಲವೆಂದರೆ ಸಂಕ್ರಾಂತಿ ಕಳೆದ ಮೇಲೆ ಶಿವರಾತ್ರಿಯವರೆಗೆ. ಕಣವೂ ಮುಗಿದಿರುವುದು, ಬಿಸಿಲೂ ಬಲಿತಿರುವುದಿಲ್ಲ.

ಎಲ್ಲಿ ಇಳಿದುಕೊಳ್ಳಬೇಕು?

ಈ ಪ್ರಶ್ನೆಗೆ ನನ್ನ ಉತ್ತರವು ಕೆಲವರಿಗೆ ರುಚಿಸಲಾರದು. ಬಂಧುಗಳ ಮನೆಯಲ್ಲಿ ಇಳಿದುಕೊಳ್ಳಬಾರದು. ಬಂಧುಗಳ ಮೇಲೆ ನನಗೆ ವೈರವಿಲ್ಲ. ಆದರೆ ನಮ್ಮ ಹೆಂಗಸರ ಸ್ವಭಾವವನ್ನು ಬಲ್ಲೆ. ನಾದಿನಿಯ ಮನೆಯಲ್ಲಿ ಇಳಿದ ತಾಯಿಯು ಬೆಳಗಿನ ಏಳು ಗಂಟೆಗೆ ಆ ಮನೆಯ ಒಲೆಯ ಮುಂದೆ ಇರುವಳು. ಹನ್ನೊಂದಕ್ಕೆ ಪಾತ್ರೆ ಒರಸುತ್ತಿರುವಳು. ಸಂಜೆಗೆ ಊರ ಸುದ್ದಿ ಹೇಳುತ್ತ ಅವರೆಕಾಯಿ ಬಿಡಿಸುತ್ತಿರುವಳು. ಊರಿನ ಅಡಿಗೆಮನೆಯನ್ನು ಬಿಟ್ಟು ನಗರದ ಅಡಿಗೆಮನೆಗೆ ಬಂದಂತಾಯಿತೇ ಹೊರತು ಯಾತ್ರೆಯಾಗಲಿಲ್ಲ. ಸಬರ್ಬ್ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಸಂಸಾರಸ್ಥರು ಇಳಿಯತಕ್ಕ ವಸತಿಗೃಹಗಳಿವೆ. ಒಂದು ರಾತ್ರಿಯ ಬಾಡಿಗೆಯನ್ನು ಮಗಳು ಮೊದಲೇ ವಿಚಾರಿಸಿ ಗೊತ್ತುಮಾಡಿಕೊಳ್ಳಲಿ. ಆ ಒಂದು ರಾತ್ರಿ ತಾಯಿಯ ಹಾಸಿಗೆಯನ್ನು ಬೇರೊಬ್ಬರು ಹಾಸಿರುವರು, ಬೆಳಗಿನ ಕಾಫಿಯನ್ನು ಬೇರೊಬ್ಬರು ಕಾಯಿಸುವರು. ಇದು ದೊಡ್ಡ ಭೋಗವೇನೂ ಅಲ್ಲ. ಆದರೆ ಇದನ್ನು ಒಮ್ಮೆಯೂ ಕಾಣದ ತಾಯಂದಿರು ನಮ್ಮ ಹಳ್ಳಿಗಳಲ್ಲಿ ಹೇರಳವಾಗಿರುವರು.

ದಿನಗಳನ್ನು ಆರಿಸುವಾಗ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅರಮನೆಯ ದೀಪಾಲಂಕಾರವು ಭಾನುವಾರಗಳಲ್ಲಿ ಮತ್ತು ಸರ್ಕಾರಿ ಹಬ್ಬದ ದಿನಗಳಲ್ಲಿ ಸಂಜೆ ಏಳು ಗಂಟೆಯ ಸುಮಾರಿಗೆ ಆಗುವುದು. ಹುಣಸೂರು, ಕೃಷ್ಣರಾಜನಗರಗಳ ಪೇಟೆಯವರು ಶನಿವಾರ ಬಂದು, ಭಾನುವಾರ ದೀಪ ನೋಡಿಕೊಂಡು ರಾತ್ರಿಯ ಬಸ್ಸಿಗೆ ಹಿಂದಿರುಗಬಹುದು. ಕೋಟೆ, ಪಿರಿಯಾಪಟ್ಟಣಗಳ ಒಳಹಳ್ಳಿಯವರಿಗೆ ಅದು ಸಾಧ್ಯವಾಗದು. ಪಟ್ಟಣವನ್ನು ಸೇರಿದರೂ ಅಲ್ಲಿಂದ ಮುಂದಕ್ಕೆ ಗಾಡಿಯಿರುವುದಿಲ್ಲ. ಅಂಥವರು ಭಾನುವಾರ ಬೆಳಿಗ್ಗೆ ಹೊರಟು ಸೋಮವಾರ ಹೊತ್ತಿದ್ದಂತೆ ಮನೆ ಸೇರುವುದು ಲೇಸು. ಮೃಗಾಲಯಕ್ಕೆ ರಜೆಯಿರುವುದು ಮಂಗಳವಾರವಾದುದರಿಂದ ಸೋಮವಾರ ಅದನ್ನೂ ನೋಡಬಹುದು.

ನೋಡತಕ್ಕವು

ಮೊದಲು ಅರಮನೆ. ನೋಡುವುದಕ್ಕೆ ಮುಂಚೆ ಮಗಳು ತಾಯಿಗೆ ಅದರ ಕಥೆಯನ್ನು ಹೇಳಲಿ. ಏಕೆಂದರೆ ಅದೂ ಒಬ್ಬ ತಾಯಿ ಮತ್ತು ಒಬ್ಬ ಮಗಳ ಕಥೆ. ೧೮೯೪ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಯುವರಾಜರು ಇನ್ನೂ ಬಾಲಕರು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಗಳಾಗಿ ರಾಜ್ಯಭಾರವನ್ನು ವಹಿಸಿಕೊಂಡು, ೧೯೦೨ರಲ್ಲಿ ಮಗನ ಕೈಗೆ ಒಪ್ಪಿಸುವವರೆಗೆ ನಡೆಸಿದರು. ನಡುವೆ, ೧೮೯೭ರಲ್ಲಿ, ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಮಯದಲ್ಲಿಯೇ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಿತು. ಗಂಡನನ್ನು ಕಳೆದುಕೊಂಡು ಮೂರು ವರ್ಷವೂ ತುಂಬಿರಲಿಲ್ಲ. ಮಗಳ ಮದುವೆಯ ಮನೆಯೇ ಉರಿದುಹೋಯಿತು. ಹೊಸ ಅರಮನೆಯನ್ನು ಕಟ್ಟಿಸುವ ಕಾರ್ಯವು ಆ ತಾಯಿಯ ಆಡಳಿತದಲ್ಲಿ ಮೊದಲಾಯಿತು. ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ೧೯೧೨ರಲ್ಲಿ ಅದು ಪೂರ್ಣವಾಯಿತು. ಮಾನಸಗಂಗೋತ್ರಿಯಲ್ಲಿರುವ ಜಯಲಕ್ಷ್ಮೀವಿಲಾಸ ಸೌಧವು ಆ ಮಗಳ ಹೆಸರನ್ನೇ ಹೊತ್ತಿದೆ. ಕಲ್ಯಾಣಮಂಟಪದ ಬಣ್ಣದ ಗಾಜಿನ ಮಾಡನ್ನು ತಲೆಯೆತ್ತಿ ನೋಡುವಾಗ ಈ ವೃತ್ತಾಂತವನ್ನು ನೆನೆದವರಿಗೆ ಅದು ಬರಿಯ ವೈಭವವಾಗಿ ಕಾಣಿಸದು. ಸಂಜೆ ಒಂದು ಲಕ್ಷಕ್ಕೆ ಸಮೀಪವಾದಷ್ಟು ದೀಪಗಳು ಒಮ್ಮೆಗೇ ಹೊತ್ತಿಕೊಂಡಾಗ, ಎದುರಿನ ಬಯಲಿನಲ್ಲಿ ನಿಂತ ಜನರ ಬಾಯಿಂದ ಹೊರಡುವ ಉದ್ಗಾರವನ್ನು ಕೇಳಿಯೇ ಅರಿಯಬೇಕು.

ಅರಮನೆಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಜಗನ್ಮೋಹನ ಅರಮನೆ. ೧೮೬೧ರಲ್ಲಿ ಕಟ್ಟಿದುದು, ೧೯೧೫ರಿಂದ ಚಿತ್ರಶಾಲೆ. ರವಿವರ್ಮನ ಚಿತ್ರಗಳು ಇಲ್ಲಿವೆ. ಆದರೆ ಜನರು ಹೆಚ್ಚಾಗಿ ನಿಲ್ಲುವುದು, ಕೈಯಲ್ಲಿ ದೀಪ ಹಿಡಿದು ನಿಂತ ಹೆಣ್ಣಿನ ಒಂದು ಚಿತ್ರದ ಮುಂದೆ. ಇದನ್ನೂ ರವಿವರ್ಮನದೆಂದು ಹಲವರು ಹೇಳುವುದುಂಟು, ಅದು ತಪ್ಪು. ಬರೆದವರು ಮಹಾರಾಷ್ಟ್ರದ ಸಾವಳಾರಾಮ ಹಳದಣಕರ್. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ ನೂರು ವರ್ಷಗಳನ್ನು ದಾಟಿ ಬಾಳಿ, ೨೦೧೮ರಲ್ಲಿ, ತಮ್ಮ ೧೦೨ನೆಯ ವಯಸ್ಸಿನಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು. ಕೈಯನ್ನು ಅಡ್ಡಹಿಡಿದ ಬೆರಳುಗಳ ನಡುವೆ ಹಾದು ಬರುವ ಕೆಂಪನೆಯ ಬೆಳಕನ್ನು ಗಮನಿಸತಕ್ಕದ್ದು. ಗಾಳಿಗೆ ದೀಪ ಆರದಂತೆ ಕೈಯೊಡ್ಡುವ ಆ ಭಂಗಿಯನ್ನು ನಮ್ಮ ತಾಯಂದಿರಿಗೆ ಯಾರೂ ವಿವರಿಸಬೇಕಾಗಿಲ್ಲ.

ಎರಡನೆಯ ದಿನ ಬೆಳಗಿನ ತಂಪಿನಲ್ಲಿಯೇ ಚಾಮುಂಡಿಬೆಟ್ಟ. ಮೆಟ್ಟಿಲುಗಳು ಸಾವಿರದಷ್ಟು, ಮಂಡಿನೋವಿನವರು ಬಸ್ಸಿನಲ್ಲಿ ಮೇಲೇರಿ, ಇಳಿಯುವಾಗ ನಂದಿಯವರೆಗೆ ಮಾತ್ರ ಮೆಲ್ಲಗೆ ನಡೆದು ಬರಬಹುದು. ಈ ನಂದಿಯನ್ನು ೧೬೫೯ರಲ್ಲಿ ದೊಡ್ಡದೇವರಾಜ ಒಡೆಯರು ಮಾಡಿಸಿದರು. ಎತ್ತರ ಸುಮಾರು ೧೬ ಅಡಿ. ಬೆಟ್ಟದಿಂದ ಇಳಿದ ಮೇಲೆ, ೧೮೯೨ರಲ್ಲಿ ಸ್ಥಾಪಿತವಾದ ಮೃಗಾಲಯ. ಇದಕ್ಕೆ ಅರ್ಧ ದಿನವಾದರೂ ಬೇಕು. ಕೊನೆಗೆ ದೇವರಾಜ ಮಾರುಕಟ್ಟೆ. ಗುಡ್ಡೆಗುಡ್ಡೆಯಾಗಿ ಒಟ್ಟಿದ ಅರಿಸಿನ ಕುಂಕುಮ, ಮೈಸೂರು ಮಲ್ಲಿಗೆ, ವೀಳೆಯದೆಲೆ, ನಂಜನಗೂಡಿನ ರಸಬಾಳೆ. ಕೊಳ್ಳುವುದು ಸ್ವಲ್ಪವಾದರೂ ಚಿಂತೆಯಿಲ್ಲ, ಪರಿಮಳಕ್ಕೆ ಬೆಲೆಯಿಲ್ಲ. ರೈಲಿನಲ್ಲಿ ಬರುವ ಕೃಷ್ಣರಾಜನಗರದವರು ನಿಲ್ದಾಣದ ಬಳಿಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಬಂಡಿಯನ್ನು ನೋಡಬಹುದು. ಕೋಟೆಯವರ ಬಸ್ಸು ಬರುವ ಮಾನಂದವಾಡಿ ರಸ್ತೆಯಲ್ಲಿಯೇ ೧೯೧೨ರಲ್ಲಿ ಆರಂಭವಾದ ರೇಷ್ಮೆ ನೇಯುವ ಸರ್ಕಾರಿ ಕಾರ್ಖಾನೆಯಿದೆ. ಅಲ್ಲಿಯ ಅಂಗಡಿಯಲ್ಲಿ ಸೀರೆಗಳನ್ನು ಬಿಡಿಸಿ ತೋರಿಸುವರು. ಕೊಳ್ಳದಿದ್ದರೂ ಕಣ್ಣಿಗೆ ಹಬ್ಬ.

ಕಂಡದ್ದು ಮತ್ತು ಕೇಳಿದ್ದು

ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಲಗ್ನ ನಿಶ್ಚಯವಾಗಿದ್ದ ಆ ಹುಡುಗಿ, ಮಾಘಮಾಸದಲ್ಲಿ ತಾಯಿಯನ್ನು ಹೀಗೆ ಎರಡು ದಿನ ಮೈಸೂರಿಗೆ ಕರೆದುಕೊಂಡು ಹೋದಳು. ಹಿಂದಿರುಗಿದ ಮೇಲೆ ಆ ತಾಯಿ ನನ್ನೊಡನೆ ಹೇಳಿದ ಮಾತು ಇದು: “ಮೇಷ್ಟ್ರೇ, ಮೈಸೂರಿಗೆ ಇಪ್ಪತ್ತು ಸಲ ಹೋಗಿದ್ದೀನಿ. ಎಲ್ಲಾ ಆಸ್ಪತ್ರೆಗೇ. ಮೈಸೂರು ಮಾತ್ರ ನೋಡಿರಲಿಲ್ಲ.”

ಮಗಳು ಹೇಳಿದುದು ಬೇರೆ. ರಾತ್ರಿ ವಸತಿಗೃಹದಲ್ಲಿ ದೀಪವಾರಿಸಿದ ಮೇಲೆ ಅವಳು, “ಅವ್ವಾ, ನೀನು ಯಾಕೆ ಏಳನೇ ಕ್ಲಾಸಿಗೇ ಬಿಟ್ಟೆ?” ಎಂದು ಕೇಳಿದಳಂತೆ. ತರಗತಿಗೆ ತಾಯಿಯೇ ಮೊದಲಿಗಳಾಗಿದ್ದಳೆಂಬುದೂ, ಹೈಸ್ಕೂಲು ಹತ್ತು ಮೈಲಿಯಾಚೆ ಇದ್ದುದರಿಂದಲೂ ಬಸ್ಸಿಗೆ ಕಾಸಿಲ್ಲದುದರಿಂದಲೂ ಓದು ನಿಂತಿತೆಂಬುದೂ ಆಗ ತಿಳಿಯಿತು. ಇಪ್ಪತ್ತೆರಡು ವರ್ಷ ಒಂದೇ ಸೂರಿನ ಕೆಳಗೆ ಇದ್ದ ಮಗಳಿಗೆ ಇದು ತಿಳಿದಿರಲಿಲ್ಲ. ಮನೆಯಲ್ಲಿ ಕೇಳಲು ಹೊತ್ತಿರಲಿಲ್ಲ, ಹೇಳಲು ಏಕಾಂತವಿರಲಿಲ್ಲ. ಯಾರಾದರೊಬ್ಬರು ಊಟಕ್ಕೆ ಕರೆಯುತ್ತಿದ್ದರು, ಇಲ್ಲವೆ ಹಸು ಅಂಬಾ ಎನ್ನುತ್ತಿತ್ತು.

ನಿರುಕ್ತಕಾರನಾದ ಯಾಸ್ಕನು ಮಗಳೆಂಬ ಅರ್ಥದ ‘ದುಹಿತೃ’ ಶಬ್ದಕ್ಕೆ ಹಲವು ಬಗೆಯಾಗಿ ವ್ಯುತ್ಪತ್ತಿ ಹೇಳಿದ್ದಾನೆ. ದೂರದಲ್ಲಿದ್ದರೆ ಹಿತವಾದವಳು ಎಂಬುದು ಅವುಗಳಲ್ಲೊಂದು. ಕರೆಯುವುದೆಂಬ ಅರ್ಥದ ‘ದುಹ್’ ಧಾತುವಿನಿಂದ ಬಂದುದೆಂಬುದು ಇನ್ನೊಂದು. ಪಾಠಶಾಲೆಯಲ್ಲಿ ಓದುವಾಗ ಮೊದಲನೆಯದು ನನಗೆ ಚಮತ್ಕಾರವಾಗಿ ತೋರಿತ್ತು. ಈಗ ಅದರಲ್ಲಿ ತಾಯಿಯ ದುಃಖವೊಂದು ಅಡಗಿರುವಂತೆ ಕಾಣುತ್ತದೆ. ಲಗ್ನಕ್ಕೋ ಓದಿಗೋ ಉದ್ಯೋಗಕ್ಕೋ ಮಗಳು ದೂರ ಹೋಗತಕ್ಕವಳೇ. ಹಾಗಾದರೆ ಹತ್ತಿರವಿರುವ ಕೆಲವೇ ವರ್ಷಗಳಲ್ಲಿ ಎರಡು ದಿನಗಳನ್ನು ಅವರಿಬ್ಬರಿಗೇ ಬಿಟ್ಟುಕೊಡಲಾಗದೆ?

ಇನ್ನು ಮನೆಯ ಗಂಡಸರಿಗೆ ಒಂದು ಮಾತು. ಎರಡು ದಿನ ಹಸುವಿಗೆ ಹುಲ್ಲು ಹಾಕುವುದು, ಅನ್ನ ಬಸಿಯುವುದು, ಒಂದು ಸಾರು ಕುದಿಸುವುದು ಅಸಾಧ್ಯ ವಿದ್ಯೆಯೇನೂ ಅಲ್ಲ. ಉಪ್ಪು ಎಲ್ಲಿದೆಯೆಂದು ಕೇಳಲು ಗಳಿಗೆಗೊಮ್ಮೆ ಫೋನು ಮಾಡದಿರುವುದೇ ನೀವು ಅವರಿಗೆ ಕೊಡಬಹುದಾದ ದೊಡ್ಡ ಉಡುಗೊರೆ. ಹೆಣ್ಣುಮಕ್ಕಳಿಗೂ ಒಂದು ಮಾತು. ತಾಯಿ ತಾನಾಗಿ ಕೇಳಳು. ಕರೆದರೂ ಮೊದಲು ಒಲ್ಲೆನೆನ್ನುವಳು. ಖರ್ಚಿನ ನೆಪ ಹೇಳುವಳು, ಹಸುವಿನ ನೆಪ ಹೇಳುವಳು. ಅದನ್ನು ಉತ್ತರವೆಂದು ತಿಳಿಯದೆ, ದಿನವನ್ನು ಗೊತ್ತುಮಾಡಿ, ಗುರುತಿನ ಚೀಟಿಗಳೆರಡನ್ನೂ ಚೀಲದಲ್ಲಿಟ್ಟುಕೊಂಡು, ಬೆಳಗಿನ ಮೊದಲ ಬಸ್ಸಿಗೆ ಹೊರಡಿರಿ. ಸಂಕ್ರಾಂತಿ ಪ್ರತಿ ವರ್ಷವೂ ಬರುವುದು. ತಾಯಿಯ ಮಂಡಿಗಳಲ್ಲಿ ನಡೆಯುವ ಶಕ್ತಿಯೂ ಹಾಗೆಯೇ ಪ್ರತಿ ವರ್ಷ ಮರಳಿ ಬರುವುದೆಂದು ಎಣಿಸಬಾರದು.